ಓರೆಗಣ್ಣಿನ ಶ್ರುತಿ

ಲೂಕೆಯ ಬಸ್ಸು ಇಳಿಸಿದ್ದು ರುಫೀನೋನ ಅಂಗಡಿ ದಾಟಿ
ಎರಡು ಬಾಗಿಲು ಆಚೆ.
ದೇವದಾರು ಹೊಟ್ಟಿನ ವಾಸನೆ ಹಿಡಿದು ಹಿಂದಕ್ಕೆ ನಡೆದೆ.

"ಬಾ ಎಲಾದಿಯಾ" ಅಂದ.
ಅವನ ಮುಖ ಇರಬೇಕಾದಲ್ಲಿ
ಮಸಿಬೆರಳು ಒರೆಸಿದಂಥ ಒಂದು ಮಬ್ಬು.
ಸುತ್ತ ಕಿವಿಯಿದೆ, ಟೊಪ್ಪಿಯಿದೆ,
ಗೋಡೆಗೆ ತೂಗುಬಿಟ್ಟ ಗಿಟಾರುಗಳಿವೆ.
ಐದು ವರ್ಷದಿಂದ ನನ್ನ ಕಣ್ಣಿನ ರೀತಿ ಇದು:
ಯಾವುದನ್ನು ನೋಡಬೇಕೋ
ಅದರಿಂದ ಮುಖ ತಿರುಗಿಸಬೇಕು.

ಹಾರ್ಪಿಗೆ ಮೂವತ್ತಾರು ತಂತಿ.
ದೋ ಕೆಂಪು, ಫಾ ನೀಲಿ, ಗುರುತು ಸಿಗಲಿ ಅಂತ
ಯಾರೋ ಕಣ್ಣಿದ್ದವರು ಮಾಡಿದ ಉಪಕಾರ.
ಈಗ ಎರಡೂ ಇದ್ದಿಲ ಬಣ್ಣ.
ಬೆರಳಿಗೆ ಮನೆ ಗೊತ್ತು, ತಪ್ಪುವುದಿಲ್ಲ.
ಆದರೆ ಊಟದ ಹಾಲಿನಲ್ಲಿ, ತಟ್ಟೆ ಚಮಚದ ಗದ್ದಲದಲ್ಲಿ
ಕಿವಿಯೊಂದನ್ನೇ ನಂಬಿ ಶ್ರುತಿ ಮಾಡುವುದು
ಸಂತೆಯಲ್ಲಿ ಮಗುವನ್ನು ಪಿಸುಮಾತಲ್ಲಿ ಕರೆದ ಹಾಗೆ.
"ಟ್ಯೂನರ್ ತೋರಿಸು" ಅಂದೆ.

ಮೊದಲನೆಯದು ಚಿಟಿಕೆಯಷ್ಟು ಕ್ಲಿಪ್ಪು.
ಅದರೊಳಗೊಂದು ಮುಳ್ಳು, ರೆಪ್ಪೆಗೂದಲಿಗಿಂತ ತೆಳು,
ಅಕ್ಷರ ಎಳ್ಳುಕಾಳು.
"ತುಂಬಾ ನಿಖರ" ಅಂದ ರುಫೀನೋ.
ಇರಬಹುದು, ನಿನಗೆ.

ಎರಡನೆಯದು ದೊಡ್ಡದು. ಸರಿಯಾದರೆ ಪರದೆಯೆಲ್ಲ ಹಸಿರು,
ತಪ್ಪಿದರೆ ಕೆಂಪು.
ಓರೆಯಾಗಿ ನಿಂತು, ಕತ್ತು ತಿರುಚಿ,
ಬಾಗಿಲಾಚೆಯ ಲಪಾಚೊ ಮರ ನೋಡುತ್ತಾ ಅದನ್ನು ನೋಡಿದೆ.
ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು, ನಿಜ.
ಆದರೆ ಮೆಳ್ಳೆಗಣ್ಣಿಗೆ ಹಸಿರೂ ಬೂದಿ, ಕೆಂಪೂ ಬೂದಿ;
ಸರಿ ತಪ್ಪುಗಳೆರಡಕ್ಕೂ ಒಂದೇ ಅಂಗಿ.

ಮೂರನೆಯದು ಮಾತಾಡಿತು.
"ಸೋಲ್. ಸ್ವಲ್ಪ ಕೆಳಗಿದೆ."
ಸ್ಪೇನಿನ ಹೆಂಗಸು; ಹಲ್ಲಿಗೆ ನಾಲಗೆ ಒತ್ತಿ ಆಡುವ ಮಾತು,
ನಮ್ಮೂರಲ್ಲಿ ಪಾದ್ರಿಯೂ ಹಾಗೆ ಆಡುವುದಿಲ್ಲ.
ಅವಳ ವಾಕ್ಯ ಮುಗಿಯುವಷ್ಟರಲ್ಲಿ ತಂತಿ ಸತ್ತಿರುತ್ತದೆ.
ಮೇಲಾಗಿ ತನ್ನ ದನಿ ತನಗೇ ಕೇಳಿ
ಅದಕ್ಕೂ ಶ್ರುತಿ ಹೇಳತೊಡಗಿದಳು.
ಅಂಗಡಿಯ ಹುಡುಗಿ ನೀಮಿಯಾ ನಕ್ಕು
ತೆರೆರೆಯ ಐಸುನೀರು ಚೆಲ್ಲಿಕೊಂಡಳು.

ನಾಲ್ಕನೆಯದನ್ನು ರುಫೀನೋ ಕೊನೆಗೆ ಇಟ್ಟಿದ್ದ,
ದುಬಾರಿ ಅಂತಲೋ, ಸಂಕೋಚವೋ.
ಮಣಿಕಟ್ಟಿಗೆ ಪಟ್ಟಿ. ತಂತಿ ಇಳಿದಿದ್ದರೆ ಎಡಕ್ಕೆ ಗುಂಯ್,
ಏರಿದ್ದರೆ ಬಲಕ್ಕೆ ಗುಂಯ್,
ಸರಿಯಾದರೆ ಏನೂ ಇಲ್ಲ.
ದುಂಬಿಯೊಂದು ಹೂವು ಸಿಕ್ಕು ಕೂತ ಹಾಗೆ.
ಇಂಥ ಗುರುವನ್ನು ನಾನು ಕಂಡಿರಲಿಲ್ಲ,
ನನ್ನ ಗುರು ಸರಿಯಾದಾಗಲೂ ಬೈಯುತ್ತಿದ್ದ.

"ಆನ್ ಮಾಡುವುದು ಎಲ್ಲಿ?"
"ಇಲ್ಲೇ, ಮುಟ್ಟು."
ಮುಟ್ಟಿದೆ. ನುಣುಪು.
ಎಲ್ಲೆಲ್ಲೂ ನುಣುಪು, ಬೋಳುತಲೆಯಲ್ಲಿ ಬೈತಲೆ ಹುಡುಕಿದ ಹಾಗೆ.
ಮಾಡಿದವರು ನನ್ನ ಕಣ್ಣನ್ನು ನೆನೆದರು,
ಬೆರಳನ್ನು ಮರೆತರು.

ನೀಮಿಯಾ ಚೀಲದಿಂದ ಉಗುರುಬಣ್ಣ ತೆಗೆದಳು.
ನಾನು ಹಚ್ಚುವವಳಲ್ಲ. ಈ ಉಗುರು ತಂತಿಯ ಸೊತ್ತು,
ಅದರ ದನಿ ಕೆಡುತ್ತದೆ.
ಪಟ್ಟಿಯ ಮೇಲೆ ಒಂದು ತೊಟ್ಟು ಇಟ್ಟಳು,
ಒಣಗಲಿ ಅಂತ ಉಫ್ ಉಫ್ ಊದಿದಳು.
ಸಾಸಿವೆಯಷ್ಟು ಗುಡ್ಡ.
"ಯಾವ ಬಣ್ಣ?" ಕೇಳಿದೆ, ಸುಮ್ಮನೆ.
"ಕೆಂಪು, ನಿನ್ನ ದೋ ತಂತಿಯದೇ."

ಮೂರು ರಾತ್ರಿಯ ನುಡಿಸಾಣಿಕೆ ಎಣಿಸಿ ಕೊಟ್ಟೆ.
ನೋಟು ಅವನು ಎಣಿಸಲಿಲ್ಲ, ನಾನೇ ಎರಡು ಸಲ ಎಣಿಸಿದೆ.

ಆ ಶನಿವಾರ ಹಾಲು ತುಂಬಿತ್ತು.
ಯಾರದೋ ಹುಟ್ಟುಹಬ್ಬ, ಬಾಟಲಿಗಳ ಕಿಣಿಕಿಣಿ.
ಎಡ ಗುಂಯ್, ಬಲ ಗುಂಯ್, ಸುಮ್ಮನೆ.
ಎಡ ಗುಂಯ್, ಸುಮ್ಮನೆ.
ಮೂವತ್ತನಾಲ್ಕು. ಮೂವತ್ತೈದು, ಮುಟ್ಟಿದೊಡನೆ ಸುಮ್ಮನೆ.
ಕೊನೆಯದೂ ಸುಮ್ಮನೆ.
ಆಹಾ ಅಂದುಕೊಂಡೆ.
ಬಿರಡೆಯನ್ನು ಬೇಕಂತಲೇ ಅರ್ಧ ಸುತ್ತು ಸಡಿಲಿಸಿದೆ.
ಆಗಲೂ ಸುಮ್ಮನೆ.

ಬ್ಯಾಟರಿ ಯಾವ ತಂತಿಯಲ್ಲಿ ಪ್ರಾಣ ಬಿಟ್ಟಿತೋ!
ಗುಡ್ಡ ಒತ್ತಿದೆ, ಮತ್ತೆ ಒತ್ತಿದೆ.

ಮಾಣಿ ಬಂದು "ಶುರು ಮಾಡೋಣವೇ?" ಅಂದ.
"ತಡಿ" ಅಂದೆ.
ಹಾರ್ಪಿನ ಮರಕ್ಕೆ ಕೆನ್ನೆಯ ಎಲುಬು ಒತ್ತಿ
ಮೇಲಿನ ಏಳು ತಂತಿ ಮತ್ತೆ ಮೀಟಿದೆ.
ಹಾಲಿನ ಸದ್ದು ಕಿವಿಗೆ, ತಂತಿಯದು ದವಡೆಗೆ.
ಒಂದು ಮಾತ್ರ ಕೂದಲೆಳೆ ಇಳಿದಿತ್ತು.
ಏರಿಸಿದೆ.

ನಾಳೆ ಬ್ಯಾಟರಿ ತರಬೇಕು, ಎರಡು.
ರುಫೀನೋನಿಗೂ ಹೇಳಬೇಕು:
ಸಾಯುವ ಮುಂಚೆ ಒಂದು ಸಲ
ಜೋರಾಗಿ ಗುಂಯ್ ಅನ್ನುವಂಥದ್ದು ಬಂದರೆ
ತೆಗೆದಿಡು ನನಗೆ.