ಏಳಕ್ಕ ಆರು

ವಾಡಿ ಸ್ಟೇಷನ್ನಿನ್ಯಾಗ ಆಗ ಎರಡು ಕಂಪನಿ ರೈಲು.
ಮುಂಬೈ ಕಡಿ ಹೋಗೂದು ಕಲ್ದಾರ್ ಕೇಳತಿತ್ತು,
ಹೈದರಾಬಾದಿಂದು ಹಾಲಿ.
ನಡುವ ಹುಣಸಿ ಗಿಡದ ಕೆಳಗ ನಮ್ಮಪ್ಪ, ಮಾಣಿಕಪ್ಪ,
ಒಂದು ಫರಸಿ ಕಲ್ಲು, ಎರಡು ಚೀಲ.

ರೊಕ್ಕ ಕಲ್ಲಿಗೆ ಬಡದು ಕಿವಿ ಕೊಡತಿದ್ದ.
ಚಾರ್‌ಮಿನಾರು ಕುಂತಲ್ಲೇ ಗುಣುಗುತಿತ್ತು,
ರಾಜನ ತಲಿ ಟಣ್ ಅಂತ ಎದ್ದು ನಿಂದರತಿತ್ತು.

ಸಾಲಿಗೆ ಹಚ್ಚೂಕಿಂತ ಮೊದಲ ನನಗ ಬಂದ ಮಗ್ಗಿ ಅದೊಂದೇ:
ಏಳು ಹಾಲಿಗೆ ಆರು ಕಲ್ದಾರ್.
ನೂರು ಕಲ್ದಾರಿಗೆ
ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ.
ಆ ಎಂಟು ಪೈ ಬಂದಾಗ ನಾಲಿಗಿ ಎಡವಿದರ
ಕಿವಿ ಹಿಂಡತಿದ್ದ.

ಏಳನೇದು ಎಲ್ಲಿ ಹೋಗತದ? ಅಂತ ಕೇಳಿದೆ.
ಗೆರಿ ದಾಟೂದರಾಗ ಸವೀತದ, ಅಂದ.
ಗೆರಿ ನೋಡಬೇಕಂತ ಹಳಿ ಗುಂಟ ಹೋದೆ, ಬಿಸಲಾಗ.
ಜಾಲಿ, ಕರಿ ಮಣ್ಣು, ಯಾರದೋ ಆಡು.

ಹತ್ತರ ನೋಟಿನ ಮ್ಯಾಲೆ ಕನ್ನಡದಾಗೂ ಬರದಿದ್ದರು ಹತ್ತು ಅಂತ.
ಓದಿ ತೋರಿಸಿದೆ.
ಓದಿದರ ಬೆಲಿ ಏರಂಗಿಲ್ಲ, ಅಂದ.

ಹತ್ತಿ ಕಾಲಕ್ಕ ಮುಂಬೈ ಅಡತಿಯವರು ಬಂದು ಕಲ್ದಾರ್ ಸುರುವಿದರ
ಹಾಲಿಗೆ ಒಂದೀಟು ಸೊಕ್ಕು ಬರತಿತ್ತು.
ಹಜ್ಜಿಗೆ ಹೊಂಟವರು ಸಾಲು ಹಚ್ಚಿದರ ಇಳೀತಿತ್ತು.
ಅದಕ್ಕ ಅಪ್ಪ ಹವಾ ಅಂತಿದ್ದ.
ನನ್ನ ಕೈಯಾಗ ಏನದ? ಎಲ್ಲಾ ಹವಾ.

ನಲವತ್ತೆಂಟನೇ ಇಸವಿ. ಬನ್ನಿ ಹಬ್ಬ ನಾಕು ದಿನ ಅದ ಅಂದಾಗ
ಜೈತುನ್‌ಬಿ ಬಂದಳು,
ವರ್ಷಕ್ಕ ಎರಡು ಸಲ ನನಗ ಬಳಿ ತೊಡಸಾಕಿ.
ತಲಿ ಮ್ಯಾಲೆ ಬಳಿ ಮಲಾರ ಇಲ್ಲ. ಆಕಿ ಕೈಯಾಗೂ ಬಳಿ ಇಲ್ಲ.
ಸೋಲಾಪುರಕ್ಕ ಅಂದಳು, ಅಕ್ಕನ ಮನಿಗೆ.
ಗಂಡನ ಹೆಸರು ಅಪ್ಪ ಎತ್ತಲಿಲ್ಲ.
ಆಕಿನೂ ಎತ್ತಲಿಲ್ಲ.
ಸೆರಗಿನ ಗಂಟು ಬಿಚ್ಚಿದಳು: ಐವತ್ತಾರು ಹಾಲಿ.

ಎಂಟಕ್ಕ ಆರು, ಅಂದ ಅಪ್ಪ.
ಕಲ್ಲು ನೋಡಿಕೋತ ಅಂದ. ಹವಾ ಹಂಗದ ಬೀ.

ಏಳೆಂಟಲೇ ಐವತ್ತಾರು, ಎಂಟಾರಲೇ ನಲವತ್ತೆಂಟು.
ಎಂಟೇಳಲೇ ಐವತ್ತಾರು, ಏಳಾರಲೇ ನಲವತ್ತೆರಡು.
ನನ್ನ ಲೆಕ್ಕ ಒಮ್ಮಿಗೇ ಸರಿ ಬಂತು,
ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ನಲವತ್ತೆರಡನ್ನೂ ಒಂದೊಂದಾಗಿ ಕಲ್ಲಿಗೆ ಬಡದು ಕೇಳಿಸಿದ.
ಒಂದೂ ಖೋಟಾ ಇರಲಿಲ್ಲ.

ಆಕಿ ಎಣಸಲಿಲ್ಲ.
ನನ್ನ ಮುಂಗೈ ಹಿಡದು
ಬಳಿ ಸಡ್ಲ ಆಗ್ಯಾವಲ್ಲ ಬೇಟಿ, ಊಟ ಮಾಡಂಗಿಲ್ಲೇನು? ಅಂದಳು.
ಮುಂಬೈ ಕಡಿ ರೈಲು ಬಂತು.

ಬನ್ನಿ ದಿನ ಎಲಿ ಕೈಯಾಗಿಟ್ಟು
ಬಂಗಾರ ತೊಗೊಂಡು ಬಂಗಾರದಂಗ ಇರೋಣು, ಅಂದ ಅಪ್ಪ,
ಎಲಿ ಕೆಳಗ ಖರೇ ಬಂಗಾರ ಇತ್ತು, ಮೂಗುಬಟ್ಟು.
ಎಲ್ಲಿಂದ ತಂದ್ರಿ? ಅಂದಳು ಅವ್ವ.
ಬಟ್ಟಾ ಉಳದಿತ್ತು, ಅಂದ.
ಬಟ್ಟಾದಿಂದ ಬಟ್ಟು. ಅವ್ವ ನಕ್ಕಳು. ನಾನೂ ನಕ್ಕೆ,
ಮೂಗು ಚುಚ್ಚಿಸಿಕೊಂಡ ನೋವಿನ್ಯಾಗೂ.

ಹಾಲಿ ಅಂದರ ಈಗಿನದು ಅಂತ ಅರ್ಥ.
ಈಗ ಹಾಲಿ ಇಲ್ಲ.
ಚೀಲದ ತಳದಾಗ ಉಳದದ್ದನ್ನ
ಹುಡುಗರು ಕುಂಟಾಬಿಲ್ಲಿ ಆಡಿ ಕಳದರು.
ಅಪ್ಪನ ಕಲ್ಲು ಬಚ್ಚಲಿಗೆ ಹೋಯ್ತು,
ಅದರ ಮ್ಯಾಲೆ ಕುಂತು ಮಕ್ಕಳ ಮೈ ತೊಳದೀನಿ.

ಮೊನ್ನೆ ಶಹಾಬಾದಿನ್ಯಾಗ ಅಕ್ಕಸಾಲಿಗೆ ಬಿಚ್ಚಿ ಕೊಟ್ಟೆ.
ಆರು ಗುಂಜಿಗೆ ಒಂದು ಕೂದಲು ಕಡಿಮಿ, ಅಂದ. ಸವದದ.
ಗೋಡಿ ಮ್ಯಾಲೆ ಇವತ್ತಿನ ರೇಟು ಬರದಿದ್ದ.
ಆವತ್ತಿಂದು ಎಷ್ಟು? ಅಂದೆ.
ಯಾವತ್ತಿಂದು, ಅಮ್ಮಾ?

ಮಾರಲಿಲ್ಲ. ತಿರುಗಿ ಮೂಗಿಗೆ ಹಾಕ್ಕೊಂಡೆ.
ಕನ್ನಡಿ ಬೇಕೇನ್ರಿ, ಅಂದ.
ಬ್ಯಾಡ ಅಂದೆ.