ಮನೀ ಪೆಂಟಿ

ಮಹಾಲಿಂಗಪುರದ ಸವಾಲಿನ್ಯಾಗ
ಬೆಲ್ಲದ ಮಾರಿ ನೋಡತಾರ,
ನಾಲಿಗಿಗೆ ಹಚ್ಚವ್ರು ಯಾರಿಲ್ಲ.
ಅದಕ್ಕ ರಾಚಪ್ಪ ಕಾಕಾ
ಕೊಪ್ಪರಿಗಿ ಉಕ್ಕಿ ಬರೂವಾಗ
ಬಿಳಿ ಪುಡಿ ಒಂದು ಹಿಡಿ ಒಗದು
ತನ್ನ ಮಾರಿ ಅತ್ತ ತಿರುವತಾನ.
ಮೂಗು ಹರಿಯೂವಂಥ ಘಾಟು.
ಕರೀ ಪಾಕ ನೋಡನೋಡತ
ಮದುಮಗಳಂಗ ಹಳದಿ ಆಗತದ.

"ಹೈಡ್ರೋಸ್ ಬಿಟ್ರ ಕ್ವಿಂಟಲ್ಲಿಗೆ ನಾಕನೂರು ಕಡಿಮಿ.
ನೀ ತುಂಬತೀಯೇನಲೇ?"
ನಾ ಏನ ತುಂಬಲಿ?
ತೂಕ ಬರಿಯೂ ಕೈ ನಂದು,
ಪೆನ್ನಿಗೂ ಬೆಲ್ಲದ ಅಂಟು.

ಪುಡಿ ಬೀಳೂಕಿಂತ ಮೊದಲ
ಎರಡು ಸೌಟು ಬ್ಯಾರೆ ತಗದಿಟ್ಟಾನ
ಮೂಲ್ಯಾಗ, ಗೋಣಿತಟ್ಟಿನ ಕೆಳಗ,
ಕರ್ರಗ, ಸೊಟ್ಟಗ ಒಂದು ಪೆಂಟಿ.
"ಇದು ಮನೀಗಿ. ಬೌರವ್ವ ಬಸುರಿ ಅದಾಳ."

ಉಳಿದ ನೂರಾ ಹನ್ನೆರಡಕ್ಕ
'ನಂಬರ್ ಒಂದು' ಚೀಟಿ ಹಚ್ಚಿದೆ.
ಅವೂ
ಮನೀಗೇ ಹೋಗೂವು.