ನಿಲ್ಲುವ ಮಾತ್ರೆ

ಮಲಗಿಸಿ ಅಳೆದರು: ನೂರ ಹದಿನಾಲ್ಕು.
ಎದ್ದು ನಿಲ್ಲಿ ಅಂದರು. ನಿಂತೆ.
ಮೂರನೇ ನಿಮಿಷಕ್ಕೆ ಎಪ್ಪತ್ತೆಂಟು.
ಪಾದರಸ ಇಳಿದದ್ದು ನನಗೆ ಕಾಣಲಿಲ್ಲ,
ಗೋಡೆಯ ಕ್ಯಾಲೆಂಡರಿನ ಮೇರಿ ಮಾತೆ
ಮೆಲ್ಲನೆ ಬೂದಿಬಣ್ಣಕ್ಕೆ ತಿರುಗಿದ್ದು ಮಾತ್ರ ಕಂಡಿತು.

"ಎಂತ ಕೆಲಸ ನಿಮ್ಮದು?"
ಹಂಪನಕಟ್ಟೆಯಲ್ಲಿ ಸೀರೆ ಅಂಗಡಿ, ಎರಡನೇ ಮಾಳಿಗೆ.
ಬೆಳಿಗ್ಗೆ ಒಂಬತ್ತೂವರೆಯಿಂದ ನಿಂತೇ ಇರುವುದು.
ಸ್ಟೂಲು ಉಂಟು, ಗಿರಾಕಿಗಳಿಗೆ.

ಕಂಕನಾಡಿಯ ಡಾಕ್ಟರು ಚೀಟಿ ಬರೆದರು.
ತೊಗರಿಬೇಳೆಯಷ್ಟು ಬಿಳಿ ಮಾತ್ರೆ:
ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ.
"ತಗೊಂಡು ನಾಲ್ಕು ಗಂಟೆ ಮಲಗಬಾರದು,
ಮಲಗಿದರೆ ಪ್ರೆಶರು ಮಿತಿಮೀರಿ ಏರುತ್ತದೆ.
ಉಪ್ಪು ಜಾಸ್ತಿ ತಿನ್ನಿ."

ಉಪ್ಪು ತಿನ್ನಿ ಎನ್ನುವ ಡಾಕ್ಟರನ್ನು
ಇಡೀ ಕುಟುಂಬದಲ್ಲಿ ಕಂಡವಳು ನಾನೊಬ್ಬಳೇ.
ಗಂಡನ ಹೆಸರು ವಾಮನ,
ಪ್ರೆಶರು ಮಾತ್ರ ತ್ರಿವಿಕ್ರಮ.
ಅವರ ಗಂಜಿ ಸಪ್ಪೆ.
ನನ್ನ ಗಂಜಿಗೆ ಭರಣಿಯ ನೀರುಮಾವಿನಕಾಯಿ
ಹಿಂಡಿ, ಮತ್ತೆ ಆ ನೀರನ್ನೂ ಅರ್ಧ ಸೌಟು.
ಅವರು ಅದನ್ನು ನೋಡುತ್ತಾರೆ;
ಮದುವೆಯಾದ ಹೊಸತರಲ್ಲಿ
ನನ್ನನ್ನು ಹಾಗೆ ನೋಡಿದ ನೆನಪಿಲ್ಲ.

ನುಂಗಿ ಅರ್ಧ ಗಂಟೆಗೆ
ಕೂದಲ ಬುಡದಲ್ಲಿ ಇರುವೆಗಳ ದಿಬ್ಬಣ.
ಕೈಯ ರೋಮವೆಲ್ಲ ನೆಟ್ಟಗಾಗುತ್ತದೆ,
ಇವಳು ನಿಂತಿರುವಾಗ ನಾವು ಕೂರುವುದು ಹೇಗೆ
ಎನ್ನುವ ಹಾಗೆ.

ದಣಿಗಳಿಗೆ ಫೆಲ್ಸಿ ಹೇಳಿಬಿಟ್ಟಳು.
"ನಿಲ್ಲುವ ಮಾತ್ರೆಯಾ? ಒಂದಕ್ಕೆ ಎಷ್ಟು?
ಎಲ್ಲ ಹುಡುಗಿಯರಿಗೂ ತರಿಸುವ ಮಾರಾಯ್ತಿ!"
ನಕ್ಕರು. ನಾವೂ ನಕ್ಕೆವು,
ಸಂಬಳ ಕೊಡುವವರ ಜೋಕಿಗೆ ನಗಬೇಕಾದಷ್ಟು.

ಮೊನ್ನೆ ಮೂಲ್ಕಿ ಕಡೆಯ ಮದುವೆ ಪಾರ್ಟಿ.
ಮೂವತ್ತೆರಡು ಸೀರೆ ಬಿಡಿಸಿ ಆಗಿತ್ತು, ಒಂದೂ ಹಿಡಿಸಲಿಲ್ಲ.
ಮೂವತ್ತಮೂರನೆಯದು, ಕೆಂಪಂಚಿನ ಗಾಢ ನೀಲಿ,
ಹೆಗಲಿಗೆ ಹಾಕಿ ತೋರಿಸುವಾಗ
ಮದುಮಗಳ ಚಿಕ್ಕಮ್ಮ ನನ್ನ ಮೊಣಕೈ ಹಿಡಿದರು:
"ನೋಡು, ನೋಡು, ರೋಮ ಎದ್ದದ್ದು!
ದಿನಾ ಮುಟ್ಟುವವಳಿಗೇ ಹೀಗಾದರೆ...
ಇದೇ ಇರಲಿ."
ಹೌದಮ್ಮ, ಅಸಲಿ ರೇಷ್ಮೆ ಹಾಗೇ, ಅಂದೆ.
ಹದಿನೆಂಟು ಸಾವಿರದ ಬಿಲ್ಲು.
ದಣಿಗಳು ಚಾ ತರಿಸಿದರು, ಅವರಿಗೆ.

ಮಾತ್ರೆ ನನ್ನನ್ನು ಬಿಡುವುದು ಎಂಟಕ್ಕೆ,
ಅಂಗಡಿ ಬಿಡುವುದು ಒಂಬತ್ತಕ್ಕೆ.
ನಡುವಿನ ಆ ಒಂದು ಗಂಟೆ ಹೇಗೆಂದು
ಕೌಂಟರಿನ ಅಂಚನ್ನು ಕೇಳಿ.
ಅಲ್ಲಿ ಪಾಲಿಶು ಹೋಗಿದೆ,
ನನ್ನ ನಾಲ್ಕು ಬೆರಳಿನ ಅಗಲಕ್ಕೆ.